ಅಜ್ಜನ ಮಠದ ಕಡೆಯ ಶಿಷ್ಯ

ದಾವಣಗೆರೆಯ ಮಂಡಿಪೇಟೆಯಲ್ಲಿ ಹತ್ತಿಯ ವ್ಯಾಪಾರಿಯೊಬ್ಬರ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದ ಗುಮಾಸ್ತರೊಬ್ಬರು 1942ನೆಯ ಇಸವಿಯ ಮುಂಗಾರಿನಲ್ಲಿ ತಮ್ಮ ಹಿರಿಯ ಮಗನನ್ನು ಶಾಲೆಗೆ ಸೇರಿಸಿದರು. ಹುಡುಗನಿಗೆ ಐದು ವರ್ಷ ತುಂಬುವುದಕ್ಕೆ ಇನ್ನೂ ಮೂರು ತಿಂಗಳಿದ್ದುವು. ಹೊಸ ಅಂಗಿ, ತಲೆಗೆ ಕರಿಯ ಟೋಪಿ, ಬಗಲಿನಲ್ಲಿ ಮರದ ಚೌಕಟ್ಟಿನ ಸ್ಲೇಟು, ಜೇಬಿನಲ್ಲಿ ಎರಡು ಬಳಪ ಮತ್ತು ಒಂದು ಹಿಡಿ ಮಂಡಕ್ಕಿ, ಇಷ್ಟರಿಂದ ಸಜ್ಜಾಗಿ ಅವನು ಸರಸ್ವತಿಯ ಸೇವೆಗೆ ಹೊರಟನು. ಮಂಡಕ್ಕಿಯು ದಾರಿಯಲ್ಲಿಯೇ ಮುಗಿಯಿತು. ಬಳಪಗಳಲ್ಲಿ ಒಂದನ್ನು ಪಕ್ಕದಲ್ಲಿ ಕುಳಿತವನು ತಿಂದನು.

ಆ ಚಿಕ್ಕ ತರಗತಿಯಲ್ಲಿ ಅರುವತ್ತಕ್ಕೂ ಹೆಚ್ಚು ಮಕ್ಕಳಿದ್ದರು, ಉಪಾಧ್ಯಾಯರು ಒಬ್ಬರೇ. ಅವರು ಒಳ್ಳೆಯವರೇ ಇದ್ದಿರಬೇಕು. ಆದರೆ ಅರುವತ್ತು ಮಕ್ಕಳ ನಡುವೆ ಒಬ್ಬರ ಒಳ್ಳೆಯತನವು ಕೊನೆಯ ಸಾಲಿನವರೆಗೆ ಮುಟ್ಟುವುದು ಕಷ್ಟ. ಹುಡುಗನು ಕುಳಿತದ್ದು ಕೊನೆಯ ಸಾಲಿನಲ್ಲಿ. ಮೊದಲನೆಯ ದಿನ ಅವನು ಅಲ್ಲಿ ಕಲಿತ ಸಂಗತಿಯು ಒಂದೇ: ದೊಡ್ಡ ಸದ್ದಾದರೆ ಎಲ್ಲರೂ ಎದ್ದು ಮನೆಗೆ ಹೋಗಬೇಕು. ಎರಡನೆಯ ದಿನ ನಡುಹಗಲಿಗೆ ಮುಂಚೆಯೇ ಹತ್ತಿಯ ಗಿರಣಿಯ ಕೂಗು ಕೇಳಿಸಿತು. ಶಾಲೆಯ ಗಂಟೆಗಿಂತ ಅದು ಎಷ್ಟೋ ದೊಡ್ಡದು. ಹುಡುಗನು ಸ್ಲೇಟನ್ನು ಬಗಲಿಗೆ ಸಿಕ್ಕಿಸಿಕೊಂಡು ಎದ್ದು ನೇರವಾಗಿ ಮನೆಗೆ ಬಂದು, ಅಡಿಗೆಯ ಮನೆಯ ಬಾಗಿಲಲ್ಲಿ ನಿಂತು, ಶಾಲೆ ಬಿಟ್ಟಿತೆಂದು ತಾಯಿಗೆ ವರದಿ ಕೊಟ್ಟನು. ತಾಯಿ ನಕ್ಕಳು, ತಂದೆ ನಗಲಿಲ್ಲ. ಮರುದಿನ ಗಿರಣಿಯು ಕೂಗಿದಾಗ ಉಪಾಧ್ಯಾಯರು ಇವನ ಮೇಲೆ ಕಣ್ಣಿಟ್ಟಿದ್ದರು. ಕೈಯ ಮೇಲೆ ಒಂದು ಏಟು ಬಿದ್ದಿತು. ಅದಾದ ಮಾರನೆಯ ದಿನದಿಂದ ಹುಡುಗನು ಶಾಲೆಗೆಂದು ಮನೆಯಿಂದ ಹೊರಟು ಹಗೇದಿಬ್ಬದ ಕಡೆಗೆ ಹೋಗಿ ಕುಳಿತುಕೊಳ್ಳತೊಡಗಿದನು. ನೆಲದೊಳಗೆ ಜೋಳವನ್ನು ತುಂಬಿಡುವ ಹಗೇವುಗಳಿಂದ ಆ ಜಾಗಕ್ಕೆ ಹೆಸರು ಬಂದಿದೆಯೆಂದು ಹಿರಿಯರು ಹೇಳುವರು. ಹಗೇವಿನೊಳಗೆ ಇಳಿದುಬಿಟ್ಟರೆ ಯಾವ ಉಪಾಧ್ಯಾಯರೂ ತನ್ನನ್ನು ಹುಡುಕಲಾರರೆಂಬುದು ಹುಡುಗನ ಎಣಿಕೆ. ಇಳಿಯಲು ಹಗೇವು ಮಾತ್ರ ಅವನಿಗೆ ಸಿಕ್ಕಲಿಲ್ಲ. ಐದನೆಯ ದಿನ ತಂದೆಯ ಅಂಗಡಿಯ ಹಮಾಲನೊಬ್ಬನು ಅವನನ್ನು ಕಂಡು, ಹತ್ತಿಯ ಅಂಡಿಗೆಯಂತೆ ಹೆಗಲಮೇಲೆ ಹೊತ್ತು ತಂದು ಅಂಗಡಿಯ ಕಟ್ಟೆಯ ಮೇಲಿಳಿಸಿದನು.

ಆಗ ತಾಯಿಗೆ ದಿನ ತುಂಬುತ್ತ ಬಂದಿದ್ದಿತು. ಬಾಣಂತನಕ್ಕೆ ತವರಿಗೆ ಹೋಗುವುದು ಹೇಗೂ ನಿಶ್ಚಯವಾಗಿದ್ದ ಸಂಗತಿ. ತವರು ಹರಿಹರ, ಒಂಬತ್ತು ಮೈಲಿಯ ದಾರಿ. ತಂದೆಯು ಎರಡು ದಿನ ಮಾತಿಲ್ಲದೆ ಇದ್ದು, ಮೂರನೆಯ ದಿನ ಊಟಕ್ಕೆ ಕುಳಿತಾಗ, “ಇವನನ್ನೂ ಕರಕೊಂಡು ಹೋಗು. ಮಾವನವರ ಮಠದಲ್ಲಿ ಕೂರಲಿ. ಅಲ್ಲಿಯೂ ಕೂರದಿದ್ದರೆ ಎಮ್ಮೆ ಕೊಡಿಸುತ್ತೇನೆ” ಎಂದರು. ಎಮ್ಮೆಯ ಮಾತು ಹುಡುಗನಿಗೆ ಬಹಳ ಹಿಡಿಸಿತು.

ಮಾವನವರ ಮಠವೆಂದರೆ ಸ್ವಾಮಿಗಳ ಮಠವಲ್ಲ. ಸರಕಾರದ ಶಾಲೆಗಳು ಹಳ್ಳಿಹಳ್ಳಿಗೂ ಬರುವುದಕ್ಕೆ ಮುಂಚೆ ಕನ್ನಡ ನಾಡಿನಲ್ಲಿ ಅಕ್ಷರವನ್ನು ಕಾಪಾಡಿಕೊಂಡು ಬಂದ ಕೂಲಿಮಠಗಳಲ್ಲಿ ಅದೊಂದು. ಹುಡುಗನ ತಾಯಿಯ ತಂದೆ ಜಂಗಮರು. ಊರಿನವರು ಅವರನ್ನು ಮಠದಯ್ಯನವರೆಂದು ಕರೆಯುತ್ತಿದ್ದರು. ಅವರ ತಂದೆಯೂ ಅದೇ ಜಗುಲಿಯ ಮೇಲೆ ಕುಳಿತು ಮಕ್ಕಳಿಗೆ ಓದು ಬರಹ ಕಲಿಸಿದ್ದವರು. 1868ರಲ್ಲಿ ರೈಸ್ ಸಾಹೇಬರು ಮೈಸೂರು ಸೀಮೆಯಲ್ಲಿ ಹೋಬಳಿಗೊಂದು ಶಾಲೆಯ ಯೋಜನೆಯನ್ನು ತಂದಾಗ, ಇಂತಹ ಮಠಗಳ ಅಯ್ಯಗಳನ್ನೇ ಆರಿಸಿ, ನಾರ್ಮಲ್ ಶಾಲೆಯಲ್ಲಿ ತರಬೇತಿ ಕೊಟ್ಟು ಉಪಾಧ್ಯಾಯರನ್ನಾಗಿ ಮಾಡಬೇಕೆಂಬ ಏರ್ಪಾಡು ಇದ್ದಿತು. ಹಲವರು ಹೋದರು. ಈ ಮನೆತನದವರು ಹೋಗಲಿಲ್ಲ. ಹೋಗಿದ್ದರೆ ಸಂಬಳ ಬರುತ್ತಿದ್ದಿತೆಂಬುದನ್ನು ಅಜ್ಜಿಯು ಎಪ್ಪತ್ತು ವರ್ಷಗಳ ತರುವಾಯವೂ, ತಾನು ಹುಟ್ಟುವುದಕ್ಕೆ ಮುಂಚೆ ನಡೆದ ಆ ತಪ್ಪನ್ನು, ಅಕ್ಕಿಯ ಡಬ್ಬಿ ಬರಿದಾದಾಗಲೆಲ್ಲ ಜ್ಞಾಪಿಸುತ್ತಿದ್ದಳು.

ಹುಡುಗನು ತಾಯಿಯೊಡನೆ ರೈಲಿನಲ್ಲಿ ಹರಿಹರಕ್ಕೆ ಬಂದದ್ದು ನವರಾತ್ರಿಗೆ ನಾಲ್ಕು ದಿನ ಮುಂಚೆ. ದಾವಣಗೆರೆಯಲ್ಲಿ ಹುಟ್ಟಿದ ಮಗುವಿಗೆ ನೀರೆಂದರೆ ಬಾವಿಯ ನೀರು, ಹೊಂಡದ ನೀರು. ಹರಿಹರದಲ್ಲಿ ತುಂಗಭದ್ರೆಯು ಎರಡು ದಡವನ್ನು ತುಂಬಿ ಕೆಂಪಾಗಿ ಹೋಗುತ್ತಿದ್ದಿತು. ಹರಿದ್ರಾ ನದಿಯು ಅಲ್ಲಿ ಅವಳನ್ನು ಕೂಡುವುದರಿಂದಲೇ ಆ ಊರಿಗೆ ಹಿಂದೆ ಕೂಡಲೂರೆಂಬ ಹೆಸರಿದ್ದಿತು. 1868ರಲ್ಲಿ ಮುಗಿದ ಕಲ್ಲಿನ ಸೇತುವೆಯ ಮೇಲೆ ನಿಂತು ಮಾವನು ಆಚೆಯ ದಡವನ್ನು ತೋರಿಸಿ, “ಅದು ಮುಂಬಯಿ ಸರಕಾರ” ಎಂದನು. ಹುಡುಗನು ಬಹಳ ಹೊತ್ತು ನೋಡಿದನು. ಅಲ್ಲಿಯೂ ಎಮ್ಮೆಗಳು ನೀರಿನಲ್ಲಿ ಬಿದ್ದುಕೊಂಡಿದ್ದುವು, ಹೆಂಗಸರು ಬಟ್ಟೆ ಒಗೆಯುತ್ತಿದ್ದರು, ಕನ್ನಡದಲ್ಲಿಯೇ ಬೈಯುತ್ತಿದ್ದರು. ಮೈಸೂರಿನ ಮಕ್ಕಳಿಗೊಂದು ಪಠ್ಯಪುಸ್ತಕ, ಕೂಗಳತೆಯ ದೂರದಲ್ಲಿರುವ ಆಚೆಯ ಮಕ್ಕಳಿಗೆ ಬೇರೊಂದು. ಹೊಳೆಯ ನಡುವಿನ ಆ ಗೆರೆಯು ಅಳಿಸಿಹೋದದ್ದು 1956ನೆಯ ನವೆಂಬರ್ 1ರಂದು. ಆ ವೇಳೆಗೆ ಹುಡುಗನು ಕಾಲೇಜಿನ ವಿದ್ಯಾರ್ಥಿಯಾಗಿದ್ದನು.

ನವರಾತ್ರಿಯೆಂದರೆ ಕೂಲಿಮಠಗಳಿಗೆ ಸುಗ್ಗಿ. ಶಿಷ್ಯರೆಲ್ಲ ಒಗೆದ ಬಟ್ಟೆಯುಟ್ಟು, ಬಣ್ಣದ ಕೋಲುಗಳನ್ನು ಹಿಡಿದು, ಅಯ್ಯನವರ ಹಿಂದೆ ಮನೆಮನೆಗೆ ಹೋಗಿ ಮಹಾನವಮಿಯ ಪದಗಳನ್ನು ಹೇಳುವರು. ಮನೆಯವರು ಮಕ್ಕಳಿಗೆ ಮಂಡಕ್ಕಿ, ಬೆಲ್ಲ, ಪುಟಾಣಿಗಳನ್ನೂ ಅಯ್ಯನವರಿಗೆ ಅಕ್ಕಿ, ಕಾಸು, ಅನುಕೂಲವಿದ್ದರೆ ಒಂದು ಪಂಚೆಯನ್ನೂ ಕೊಡುವರು. ತಿಂಗಳಿಗೆ ಎರಡಾಣೆಯ ಕೂಲಿಯನ್ನು ಮರೆಯುವವರು ಸಹ ಮಹಾನವಮಿಯ ಕಾಣಿಕೆಯನ್ನು ಮರೆಯುತ್ತಿರಲಿಲ್ಲ. ಹಿಂದೆ ಈ ಮಠದಿಂದ ಅರುವತ್ತು ಹುಡುಗರು ಕೋಲು ಹಿಡಿದು ಹೊರಡುತ್ತಿದ್ದರಂತೆ; ಬೀದಿಯ ಈ ತುದಿಯಲ್ಲಿ ಅಯ್ಯನವರಿದ್ದರೆ ಆ ತುದಿಯಲ್ಲಿ ಬಾಲವಿರುತ್ತಿದ್ದಿತಂತೆ. 1942ರ ನವರಾತ್ರಿಯಲ್ಲಿ ಹೊರಟವರು ಹನ್ನೊಂದು ಮಂದಿ. ಅಜ್ಜನವರ ಬೆರಳು ಹಿಡಿದು ನಡೆದ ಹುಡುಗನಿಗೆ ಹನ್ನೊಂದೆಂಬುದು ದೊಡ್ಡ ಸಂಖ್ಯೆಯಾಗಿಯೇ ಕಂಡಿತು. ದಾವಣಗೆರೆಯ ಆ ಅರುವತ್ತರ ಭಯವು ಇಲ್ಲಿರಲಿಲ್ಲ. ಹನ್ನೊಂದೂ ಮುಖಗಳು ಒಂದೇ ದಿನದಲ್ಲಿ ಪರಿಚಯವಾದುವು.

ವಿಜಯದಶಮಿಯ ಬೆಳಗ್ಗೆ ಅವನಿಗೆ ಅಕ್ಷರಾಭ್ಯಾಸವಾಯಿತು. ಹಿತ್ತಾಳೆಯ ತಟ್ಟೆಯಲ್ಲಿ ಅಕ್ಕಿಯನ್ನು ಹರಡಿ, ಅರಿಸಿನದ ಕೊಂಬನ್ನು ಅವನ ಬೆರಳುಗಳ ನಡುವೆ ಇಟ್ಟು, ಅಜ್ಜನವರು ತಮ್ಮ ಕೈಯಿಂದ ಅವನ ಕೈಯನ್ನು ಮುಚ್ಚಿಹಿಡಿದು ‘ಓಂ ನಮಃ ಶಿವಾಯ’ವನ್ನು ಬರೆಯಿಸಿದರು. ಅನಂತರ ಜಗುಲಿಯ ಮೇಲೆ ಅವನಿಗೆಂದು ಒಂದು ಮಣೆ ಬಿದ್ದಿತು. ಮಣೆಯ ಮುಂದೆ ಮರಳಿನ ಹಲಗೆ. ಇದು ಅಂಚುಕಟ್ಟಿದ ಒಂದು ತಟ್ಟೆಯಂತಹ ಮರದ ಹಲಗೆ. ಅದರಲ್ಲಿ ಹೊಳೆಯ ಮರಳನ್ನು ಬೆರಳಿನಷ್ಟು ದಪ್ಪವಾಗಿ ಹರಡಿರುವುದು. ಪ್ರತಿ ಅಮಾವಾಸ್ಯೆಗೆ ಮಠಕ್ಕೆ ಬಿಡುವು. ಅಂದು ಶಿಷ್ಯರು ಹೊಳೆಗೆ ಹೋಗಿ ಹೊಸ ಮರಳನ್ನು ತಂದು, ತೊಳೆದು, ಒಣಗಿಸಿ, ಜರಡಿ ಹಿಡಿದು ಹಲಗೆಗಳಿಗೆ ತುಂಬುವುದು ಕ್ರಮ. ಅಜ್ಜನವರು ಜರಡಿಯ ವಿಷಯದಲ್ಲಿ ಬಹಳ ಕಟ್ಟುನಿಟ್ಟು. ಮರಳಿನಲ್ಲಿ ಒಂದು ಹರಳಿದ್ದರೆ ಅಕ್ಷರಕ್ಕೆ ಕೊಂಕು ಬರುವುದೆಂದು ಅವರ ಮತ.

ತೋರುಬೆರಳಿನಿಂದ ಮರಳಿನಲ್ಲಿ ಬರೆಯುವ ಸುಖವನ್ನು ಬಲ್ಲವರು ಈಗ ಬಹಳ ಮಂದಿ ಉಳಿದಿರಲಾರರು. ಸ್ಲೇಟು ತಪ್ಪನ್ನು ಹಿಡಿದಿಟ್ಟುಕೊಳ್ಳುತ್ತದೆ. ಉಗುಳು ಹಚ್ಚಿ ಒರಸಿದರೂ ಬಿಳಿಯ ಗುರುತು ಉಳಿಯುತ್ತದೆ. ಮರಳು ಹಾಗಲ್ಲ, ಅಂಗೈಯನ್ನು ಒಮ್ಮೆ ಆಡಿಸಿದರೆ ಸಾಕು, ತಪ್ಪು ಮಾಡಿದವನಾರೆಂಬುದೇ ತಿಳಿಯದು. ಮೊದಲ ತಿಂಗಳಲ್ಲಿ ಹುಡುಗನ ಬೆರಳ ತುದಿಯ ಚರ್ಮ ಸುಲಿದು ಕೆಂಪಾಯಿತು. ರಾತ್ರಿ ಅಜ್ಜಿಯು ತುಪ್ಪ ಸವರುವಳು. ಆ ಬೆರಳನ್ನು ಹುಡುಗನು ತಕ್ಷಣ ಬಾಯೊಳಕ್ಕೆ ಇಟ್ಟುಕೊಳ್ಳುವನು.

ಆದರೆ ಅವನನ್ನು ಆ ಮಠಕ್ಕೆ ಕಟ್ಟಿಹಾಕಿದ್ದು ಮರಳೂ ಅಲ್ಲ, ತುಪ್ಪವೂ ಅಲ್ಲ, ಅಂಗೈಯ ಶ್ರೀಕಾರ.

ಬೆಳಗ್ಗೆ ಆರು ಗಂಟೆಗೆ ಮಠ ಆರಂಭ. ಎಲ್ಲರಿಗಿಂತ ಮೊದಲು ಬಂದವನ ಅಂಗೈಯಲ್ಲಿ ಅಯ್ಯನವರು ಬಳಪದಿಂದ ‘ಶ್ರೀ’ ಎಂದು ಬರೆಯುವರು. ಎರಡನೆಯವನಿಗೆ ಸೊನ್ನೆ, ಹೊಗಳಿಕೆಯೂ ಇಲ್ಲ, ತೆಗಳಿಕೆಯೂ ಇಲ್ಲ. ಮೂರನೆಯವನಿಗೆ ಬೆತ್ತದಿಂದ ಮೆಲ್ಲನೆ ಒಂದು ಏಟು, ನಾಲ್ಕನೆಯವನಿಗೆ ಎರಡು; ಹೀಗೆ ತಡವಾದಂತೆಲ್ಲ ಒಂದೊಂದೇ ಏರುತ್ತ ಹೋಗುವುದು. ಇದು ಈ ಅಯ್ಯನವರು ಕಂಡುಹಿಡಿದ ಪದ್ಧತಿಯಲ್ಲ. ಬಳ್ಳಾರಿಯ ಕಲೆಕ್ಟರನಾಗಿದ್ದ ಕ್ಯಾಂಬೆಲ್ಲನು 1823ನೆಯ ಆಗಸ್ಟ್ ತಿಂಗಳಿನಲ್ಲಿ ಮದರಾಸಿನ ಸರಕಾರಕ್ಕೆ ಬರೆದ ವರದಿಯಲ್ಲಿ ಇದೇ ಕ್ರಮವನ್ನು ವರ್ಣಿಸಿದ್ದಾನೆ. ಅವನು ನೋಡಿದ ಶಾಲೆಗಳಲ್ಲಿ ಮೊದಲು ಬಂದವನ ಅಂಗೈಗೆ ಸರಸ್ವತಿಯ ಹೆಸರು ಬೀಳುತ್ತಿದ್ದಿತು. ಆಗ ಆ ಜಿಲ್ಲೆಯಲ್ಲಿ 533 ಶಾಲೆಗಳಿದ್ದುವು; ಓದುತ್ತಿದ್ದವರು 6,641 ಮಂದಿ. ಮರಳಿನ ಮೇಲೆ ಬೆರಳಿನಿಂದ ಬರೆಯುವುದು, ದೊಡ್ಡ ಹುಡುಗರು ಚಿಕ್ಕವರಿಗೆ ಪಾಠ ಹೇಳುವುದು, ಇವೆರಡನ್ನೂ ಅವನು ಮೆಚ್ಚಿಕೊಂಡಿದ್ದನು. ಹುಡುಗರಿಂದ ಹುಡುಗರಿಗೆ ಪಾಠ ಹೇಳಿಸುವ ಈ ಉಪಾಯವನ್ನು ಅದಕ್ಕೂ ಮುಂಚೆ ಆಂಡ್ರೂ ಬೆಲ್ಲೆಂಬ ಪಾದ್ರಿಯು ಮದರಾಸಿನಲ್ಲಿ ಕಂಡು ಇಂಗ್ಲೆಂಡಿಗೆ ಒಯ್ದು, ಅಲ್ಲಿ ಅದಕ್ಕೆ ಮದರಾಸು ಪದ್ಧತಿಯೆಂದೇ ಹೆಸರಾಯಿತು. ಅದೇ ಕ್ಯಾಂಬೆಲ್ಲನು, ಹಿಂದೆ ಶಾಲೆಗಳಿದ್ದ ಎಷ್ಟೋ ಹಳ್ಳಿಗಳಲ್ಲಿ ಈಗ ಇಲ್ಲವೆಂದೂ, ಇಂಗ್ಲೆಂಡಿನ ಬಟ್ಟೆಗಳು ಬಂದು ನೇಯುವವರ ಕೈ ಬರಿದಾದುದು ಅದಕ್ಕೊಂದು ಕಾರಣವೆಂದೂ ಮುಚ್ಚುಮರೆಯಿಲ್ಲದೆ ಬರೆದನು. ಮನೆಯಲ್ಲಿ ಅನ್ನವಿಲ್ಲದವನು ಅಯ್ಯನಿಗೆ ಕೂಲಿಯನ್ನು ಎಲ್ಲಿಂದ ತರಬೇಕು? ಹತ್ತಿಯ ಊರಿನಿಂದ ಬಂದ ಹುಡುಗನಿಗೆ ಇದೊಂದೂ ಆಗ ತಿಳಿದಿರಲಿಲ್ಲ. ಬಳ್ಳಾರಿಯ ಜಿಲ್ಲೆಗೆ ಸೇರಿದ್ದ ಹರಪನಹಳ್ಳಿಯು ಹರಿಹರಕ್ಕೆ ಎಷ್ಟು ಹತ್ತಿರವೆಂಬುದನ್ನು ನೆನೆದರೆ ಮಠದಯ್ಯನವರ ಬೆತ್ತವು ಎಷ್ಟು ಹಳೆಯದೆಂಬುದು ಗೊತ್ತಾದೀತು.

ಮನೆಯಲ್ಲಿಯೇ ಮಲಗಿ ಏಳುವ ಮೊಮ್ಮಗನಿಗೆ ಮೊದಲು ಬರುವುದೇನು ಕಷ್ಟವೆಂದು ಉಳಿದವರು ತಕರಾರು ತೆಗೆದರು. ಅಜ್ಜನವರು ಅದನ್ನು ನ್ಯಾಯವೆಂದು ಒಪ್ಪಿ ಒಂದು ಕಟ್ಟಳೆ ಮಾಡಿದರು: ಮೊಮ್ಮಗನು ಹಿತ್ತಿಲ ಬಾಗಿಲಿನಿಂದ ಹೊರಟು, ಹೊಳೆಯಲ್ಲಿ ಮುಖ ತೊಳೆದು, ಹರಿಹರೇಶ್ವರನಿಗೆ ಒಂದು ಪ್ರದಕ್ಷಿಣೆ ಹಾಕಿ, ಬೀದಿಯ ಕಡೆಯಿಂದ ಮಠಕ್ಕೆ ಬರಬೇಕು. ಕತ್ತಲಿರುವಾಗಲೇ ಮಾವನು ಅವನೊಡನೆ ಹೋಗುವನು. ಮುಖಮಂಟಪದ ದುಂಡನೆಯ ಕಂಬಗಳು ನಸುಕಿನಲ್ಲಿ ಮನುಷ್ಯರು ನಿಂತಂತೆ ಕಾಣುವುವು. ಒಳಗೆ ಬಲಕ್ಕೆ ಹರ, ಎಡಕ್ಕೆ ಹರಿ, ಒಂದೇ ಮೈ. ಯಾವ ಕಡೆಗೆ ಮೊದಲು ಕೈ ಮುಗಿಯಬೇಕೆಂದು ಹುಡುಗನು ಮಾವನನ್ನು ಕೇಳಿದನು. ಮಾವನು ಬಹಳ ಯೋಚಿಸಿ, ನಡುವೆ ಮುಗಿಯೆಂದನು. ಇಷ್ಟೆಲ್ಲವನ್ನೂ ಮುಗಿಸಿ ಓಡಿಬರುವಷ್ಟರಲ್ಲಿ ದೂರದ ಕೇರಿಯ ಇಬ್ಬರು ಜಗುಲಿಯ ಮೇಲಿರುತ್ತಿದ್ದರು. ಮೊದಲ ಎರಡು ತಿಂಗಳಲ್ಲಿ ಅವನಿಗೆ ಶ್ರೀಕಾರ ದೊರೆತದ್ದು ನಾಲ್ಕೇ ಸಲ. ದೊರೆತ ದಿನ ಆ ಕೈಯನ್ನು ಮುಚ್ಚಿಕೊಂಡು, ಊಟವಾದ ಮೇಲೆ ತೊಳೆಯುವುದಕ್ಕೂ ಒಲ್ಲೆನೆನ್ನುವನು.

ದೇವಾಲಯದ ಅಂಗಳದಲ್ಲಿ ಶಾಸನದ ಕಲ್ಲುಗಳು ನಿಂತಿವೆ. ಈಗಿರುವ ಗುಡಿಯನ್ನು 1224ರಲ್ಲಿ ಹೊಯ್ಸಳರ ದಂಡನಾಯಕನಾದ ಪೊಲಾಳ್ವನು ಕಟ್ಟಿಸಿದನು. ಅಲ್ಲಿಂದ ವಿಜಯನಗರದವರೆಗೆ ದಾನ ಕೊಟ್ಟವರೆಲ್ಲ ಅಲ್ಲಿ ಕಲ್ಲು ನಿಲ್ಲಿಸಿದ್ದಾರೆ. ಹೋಬಳಿ ಶಾಲೆಗಳನ್ನು ತಂದ ರೈಸ್ ಸಾಹೇಬರೇ ಮುಂದೆ ಆ ಶಾಸನಗಳನ್ನು ಓದಿಸಿ ಅಚ್ಚುಹಾಕಿಸಿದರು. ಬಿಡುವಿನ ದಿನಗಳಲ್ಲಿ ಅಜ್ಜನವರು ಮೊಮ್ಮಗನನ್ನು ಆ ಕಲ್ಲುಗಳ ಮುಂದೆ ನಿಲ್ಲಿಸಿ, ಅವನ ಬೆರಳನ್ನು ಕೊರೆದ ಅಕ್ಷರಗಳೊಳಗೆ ಆಡಿಸುವರು. “ಇದು ಯಾವುದು ತಮ್ಮಾ?” “ರ, ಅಜ್ಜಾ.” “ಇದು?” “ಗೊತ್ತಿಲ್ಲ.” “ಗೊತ್ತಿಲ್ಲದಿದ್ದರೆ ಗೊತ್ತಿಲ್ಲವೆನ್ನಬೇಕು, ಸರಿ. ನನಗೂ ಕೆಲವು ಗೊತ್ತಿಲ್ಲ.” ಮರಳಿನಲ್ಲಿ ಅಂಗೈ ಆಡಿಸಿದರೆ ಅಳಿಯುವ ಅಕ್ಷರವು ಇಲ್ಲಿ ಏಳುನೂರು ವರ್ಷವಾದರೂ ಅಳಿಯದೆ ಇದ್ದುದು ಹುಡುಗನಿಗೆ ಸ್ವಲ್ಪ ಹೆದರಿಕೆಯನ್ನೇ ಹುಟ್ಟಿಸಿತು. ಇಲ್ಲಿ ತಪ್ಪು ಬರೆದವನ ಗತಿಯೇನು?

ಇನ್ನು ಮಗ್ಗಿ. ಸಂಜೆ ದೀಪ ಹಚ್ಚುವ ಹೊತ್ತಿಗೆ ಎಲ್ಲರೂ ಸಾಲಾಗಿ ನಿಂತು, ಒಬ್ಬನು ಹೇಳಿದಂತೆ ಉಳಿದವರು ಕೂಗುವುದು. ಒಂದರಿಂದ ಇಪ್ಪತ್ತರ ಮಗ್ಗಿ ಮುಗಿದರೆ ಸಾಲದು. ಕಾಲು, ಅರೆ, ಮುಕ್ಕಾಲು, ಒಂದೂಕಾಲು, ಒಂದೂವರೆ, ಎರಡೂವರೆ, ಇವುಗಳ ಮಗ್ಗಿಯೂ ಆಗಬೇಕು. ಸೇರು, ಕೊಳಗ, ಖಂಡುಗಗಳ ಲೆಕ್ಕವನ್ನು ಬಾಯಲ್ಲಿಯೇ ಬಿಡಿಸಬೇಕು. ಮಠದಲ್ಲಿ ಕಲಿತವನನ್ನು ಮಂಡಿಯಲ್ಲಿ ಯಾರೂ ಮೋಸಗೊಳಿಸಲಾರರೆಂಬ ಮಾತಿದ್ದಿತು. ಇದೆಲ್ಲ ನಿಜ, ಇದರ ಪಕ್ಕದಲ್ಲಿ ಇನ್ನೊಂದು ನಿಜವನ್ನೂ ಹೇಳಬೇಕು. ಆ ಜಗುಲಿಯ ಮೇಲೆ ಹೆಣ್ಣು ಮಕ್ಕಳು ಒಬ್ಬರೂ ಇರಲಿಲ್ಲ. ಹುಡುಗನ ತಾಯಿಯು ಅಯ್ಯನವರ ಮಗಳಾಗಿಯೂ ಅಕ್ಷರ ಕಲಿತದ್ದು ಬಾಗಿಲ ಹಿಂದೆ ನಿಂತು, ಕದ್ದು. ಊರ ಹೊರಗಿನ ಕೇರಿಗಳ ಮಕ್ಕಳಂತೂ ಜಗುಲಿಯ ಮೆಟ್ಟಲನ್ನು ಹತ್ತಿದ್ದೇ ಇಲ್ಲ. ಹತ್ತಬೇಕೆಂದು ಯಾರಿಗೂ ತೋರಲೂ ಇಲ್ಲ. ಎಲ್ಲರಿಗೂ ಬಾಗಿಲು ತೆರೆದು, ಕೂಲಿಯಿಲ್ಲದೆ ಕಲಿಸುವ ಶಾಲೆಯೊಂದು ಅದೇ ಊರಿನಲ್ಲಿರುವಾಗ ಇಂತಹ ಮಠವು ಎಷ್ಟು ದಿನ ನಡೆದೀತು?

ಪುಷ್ಯಮಾಸದಲ್ಲಿ ಹುಡುಗನಿಗೆ ತಂಗಿ ಹುಟ್ಟಿದಳು. ಅದರ ಹಿಂದೆಯೇ ಮಠದಲ್ಲಿ ಮಣೆಗಳು ಕಡಮೆಯಾಗತೊಡಗಿದುವು. ಅದು ಯುದ್ಧದ ಕಾಲ. ಅಕ್ಕಿ, ಸೀಮೆಯೆಣ್ಣೆ, ಬಟ್ಟೆ ಎಲ್ಲಕ್ಕೂ ಅಭಾವ. ಸುಗ್ಗಿಯಲ್ಲಿ ಅಯ್ಯನವರಿಗೆ ಅಳೆಯುತ್ತಿದ್ದ ಕೊಳಗವು ಸೇರಾಯಿತು, ಸೇರು ನಮಸ್ಕಾರವಾಯಿತು. ಹರಿಹರದಲ್ಲಿ 1941ರಲ್ಲಿ ಸ್ಥಾಪಿತವಾದ ಮೈಸೂರು ಕಿರ್ಲೋಸ್ಕರ್ ಯಂತ್ರಗಳ ಕಾರ್ಖಾನೆಯು, ಈಗ ಅದೂ ಮುಚ್ಚಿಹೋಗಿದೆ, ಆಗ ಊರಿನ ಹೊಸ ಬೆರಗು. ಅಲ್ಲಿ ಕೆಲಸ ಬೇಕಾದರೆ, ಕಚೇರಿಯಲ್ಲಿ ಜವಾನನಾಗಬೇಕಾದರೂ, ಸರಕಾರದ ಶಾಲೆಯ ಕಾಗದ ಬೇಕು. ಲೋಯರ್ ಸೆಕೆಂಡರಿ ಪರೀಕ್ಷೆಯಾದರೆ ಇನ್ನೂ ಒಳ್ಳೆಯದು. ಎರಡೂವರೆಯ ಮಗ್ಗಿಗೆ ಯಾರೂ ಕಾಗದ ಕೊಡುವುದಿಲ್ಲ. ಮಕ್ಕಳನ್ನು ಬಿಡಿಸಿಕೊಂಡು ಹೋಗಲು ಬಂದ ತಂದೆಯರಲ್ಲಿ ಬಹಳ ಮಂದಿ ಅದೇ ಜಗುಲಿಯ ಮೇಲೆ ಕಲಿತವರು. ಅವರು ತೆಂಗಿನಕಾಯಿಯನ್ನು ಮುಂದಿಟ್ಟು, ತಲೆ ಬಗ್ಗಿಸಿ, “ಅಯ್ಯನೋರೆ, ತಪ್ಪು ತಿಳೀಬ್ಯಾಡ್ರಿ” ಎನ್ನುವರು. ಅಜ್ಜನವರು, “ತಪ್ಪೇನಪ್ಪ, ಹುಡುಗನ ಕೈ ಒಳ್ಳೆಯದು; ಬರಹ ಕೆಡದ ಹಾಗೆ ನೋಡಿಕೊ” ಎನ್ನುವರು. ಅಜ್ಜಿಯು ತೆಂಗಿನಕಾಯಿಗಳನ್ನು ಎಣಿಸುವಳು. ಯುಗಾದಿಯ ವೇಳೆಗೆ ಏಳು ಕಾಯಿ ಬಂದಿದ್ದುವು.

ತಾಯಿಯು ಕೂಸಿನೊಡನೆ ದಾವಣಗೆರೆಗೆ ಹಿಂದಿರುಗಿದಳು. ಹುಡುಗನು ಉಳಿದನು. ಉಳಿದ ನಾಲ್ವರಲ್ಲಿ ಮೂವರು ವೈಶಾಖದೊಳಗೆ ಹೋದರು. ಕಡೆಗೆ ಉಳಿದವನು ಕಂಚುಗಾರರ ಹುಡುಗ. ಅವನೂ ಇವನೂ ಸೇರಿ ದಿನದಿನಕ್ಕೆ ಶ್ರೀಕಾರಕ್ಕಾಗಿ ಓಡಿದರು. ಒಬ್ಬನಿಗೆ ಶ್ರೀ, ಒಬ್ಬನಿಗೆ ಸೊನ್ನೆ. ಬೆತ್ತವು ಗೂಟದಲ್ಲಿಯೇ ತೂಗುತ್ತಿದ್ದಿತು. ಒಂದು ದಿನ ಕಂಚುಗಾರರ ಹುಡುಗನು ಬರಲಿಲ್ಲ. ಮರುದಿನವೂ ಬರಲಿಲ್ಲ. ಆಮೇಲೆ ಹುಡುಗನಿಗೆ ನಿತ್ಯವೂ ಶ್ರೀಕಾರ.

ಮೊದಲಲ್ಲಿ ಇದೇನು ಭಾಗ್ಯವೆಂದು ಅವನು ಹಿಗ್ಗಿದನು. ಕಟ್ಟಳೆಯಂತೆ ಹಿತ್ತಿಲಿನಿಂದ ಹೊರಟು, ಹೊಳೆ, ಗುಡಿ, ಬೀದಿ ಎಲ್ಲವನ್ನೂ ಸುತ್ತಿಕೊಂಡು ಬಂದು ಕೈ ಚಾಚುವನು. ಅಜ್ಜನವರೂ ಮಡಿಯುಟ್ಟು, ವಿಭೂತಿ ಧರಿಸಿ, ಅರುವತ್ತು ಮಂದಿಗೆ ಕುಳಿತಂತೆಯೇ ಆರು ಗಂಟೆಗೆ ಜಗುಲಿಯ ಮೇಲೆ ಕುಳಿತಿರುವರು. ಹೀಗೆ ಹತ್ತು ಹನ್ನೆರಡು ದಿನ ಕಳೆದುವು. ಒಂದು ಬೆಳಗ್ಗೆ ಹುಡುಗನು ಬರೆಸಿಕೊಂಡ ಅಂಗೈಯನ್ನು ನೋಡುತ್ತ ನಿಂತು ಕೇಳಿದನು: “ಅಜ್ಜಾ, ಸೊನ್ನೆ ಯಾರಿಗೆ?”

ಅಜ್ಜನವರು ಉತ್ತರ ಕೊಡಲಿಲ್ಲ. ಅಂದು ಪಾಠವೇನೋ ನಡೆಯಿತು. ಮಧ್ಯಾಹ್ನ ಅವರು ಪೆಟ್ಟಿಗೆಯಿಂದ ಮದುವೆ ಮುಂಜಿಗಳಿಗೆ ತೆಗೆಯುವ ರುಮಾಲನ್ನು ತೆಗೆದು ಬಿಸಿಲಿಗೆ ಹಾಕಿದುದನ್ನು ಅಜ್ಜಿಯು ಕಂಡು, ಎಲ್ಲಿಗೆಂದು ಕೇಳದೆಯೇ ತಿಳಿದುಕೊಂಡಳು.

ಮರುದಿನ ಹತ್ತು ಗಂಟೆಗೆ ಅಜ್ಜನವರು ರುಮಾಲು ಸುತ್ತಿ, ಮೊಮ್ಮಗನ ಕೈ ಹಿಡಿದು ಸರಕಾರದ ಪ್ರಾಥಮಿಕ ಶಾಲೆಗೆ ಹೋದರು. ನಲವತ್ತು ವರ್ಷ ಅದೇ ಊರಿನಲ್ಲಿದ್ದರೂ ಆ ಅಂಗಳವನ್ನು ಅವರು ಮೆಟ್ಟಿದ್ದು ಅಂದೇ ಮೊದಲು. ಹೆಡ್‌ಮಾಸ್ತರರು ಬೇರೆ ಸೀಮೆಯಿಂದ ವರ್ಗವಾಗಿ ಬಂದ ತರುಣರು. ಇವರಾರೆಂಬುದು ಅವರಿಗೆ ತಿಳಿಯದು. ಕುರ್ಚಿಯನ್ನು ತೋರಿಸಿದರು. ಅಜ್ಜನವರು ಕುಳಿತುಕೊಳ್ಳಲಿಲ್ಲ. ಹೆಡ್‌ಮಾಸ್ತರರು ಹುಡುಗನ ಹೆಸರು, ತಂದೆಯ ಹೆಸರು, ಹುಟ್ಟಿದ ದಿನಗಳನ್ನು ಬರೆದುಕೊಂಡು, “ಹಿಂದೆ ಎಲ್ಲಿಯಾದರೂ ಓದಿದ್ದಾನೆಯೇ?” ಎಂದು ಕೇಳಿದರು. ಅಜ್ಜನವರು, “ಮನೆಯಲ್ಲಿ ಸ್ವಲ್ಪ” ಎಂದರು.

ಹೆಡ್‌ಮಾಸ್ತರರು ಹುಡುಗನಿಗೆ ವರ್ಣಮಾಲೆಯನ್ನು ಬರೆಯಹೇಳಿದರು. ಅವನು ನೆಲದ ಮೇಲೆ ಕುಳಿತು ಬಳಪವನ್ನು ಬದಿಗಿಟ್ಟು, ಬೆರಳಿನಿಂದಲೇ ಸ್ಲೇಟಿನ ಮೇಲೆ ಆರಂಭಿಸಿದನು. ಏನೂ ಮೂಡದಿದ್ದುದನ್ನು ಕಂಡು ಬಳಪವನ್ನು ಹಿಡಿದನು. ಹಳೆಯ ಕ್ರಮದಂತೆ ಲೃಕಾರವನ್ನೂ ಅದರ ದೀರ್ಘವನ್ನೂ ಬಿಡದೆ ಬರೆದುದನ್ನು ಕಂಡು ಹೆಡ್‌ಮಾಸ್ತರರು ನಕ್ಕು, “ಇವನ್ನು ಈಗ ಬಿಟ್ಟಿದ್ದೇವೆ” ಎಂದರು. ಆ ಮೇಲೆ ಬಾಯಿಲೆಕ್ಕ ಕೇಳಿದರು. ಎರಡೂವರೆಯ ಮಗ್ಗಿಯನ್ನು ಆ ವಯಸ್ಸಿನವನ ಬಾಯಿಂದ ಕೇಳಿ ನಗುವು ನಿಂತಿತು. “ಎರಡನೆಯ ತರಗತಿಯಲ್ಲಿ ಕೂರಬಲ್ಲನು. ಕಲಿಸಿದವರು ಯಾರು?” ಎಂದರು. ಅಜ್ಜನವರು ಕೈ ಮುಗಿದು, “ನಡೆಸಿಕೊಂಡು ಹೋಗಬೇಕು” ಎಂದಷ್ಟೇ ಹೇಳಿ ಹೊರಟುಬಿಟ್ಟರು. ಬಾಗಿಲಿನವರೆಗೆ ಹೋಗಿ, ಏನನ್ನೋ ಮರೆತವರಂತೆ ಹಿಂದಿರುಗಿ ಬಂದು, ಹುಡುಗನ ಟೋಪಿಯನ್ನು ಸರಿಪಡಿಸಿ ಹೋದರು.

ಈ ಸಲ ಹುಡುಗನು ಓಡಿಹೋಗಲಿಲ್ಲ. ಕಂಚುಗಾರರ ಹುಡುಗನು ಅಲ್ಲಿಯೇ ಇದ್ದನು. ಅವನ ಪಕ್ಕದಲ್ಲಿ ಜಾಗ ದೊರೆಯಿತು. ಇನ್ನೊಂದು ಪಕ್ಕದಲ್ಲಿ ಕುಳಿತವನು ಮಠದ ಜಗುಲಿಯನ್ನು ಎಂದೂ ಹತ್ತಿರದ ಕೇರಿಯವನು. ಮುಂದೆ ಹರಿಹರದಲ್ಲಿದ್ದಷ್ಟು ದಿನವೂ ಹುಡುಗನಿಗೆ ಅವನೇ ಆಪ್ತ ಗೆಳೆಯನಾದನು. ಆಚೆಯ ಸಾಲಿನಲ್ಲಿ ಮೂವರು ಹುಡುಗಿಯರಿದ್ದರು. ಹುಡುಗನು ಅವರನ್ನು ಕಣ್ಣರಳಿಸಿ ನೋಡಿದನು.

ಎರಡನೆಯ ದಿನ ಅವನು ಅಭ್ಯಾಸದಂತೆ ನಸುಕಿನಲ್ಲಿಯೇ ಎದ್ದು, ಹೊಳೆ ಗುಡಿ ಎಲ್ಲವನ್ನೂ ಮುಗಿಸಿ, ಜವಾನನು ಬೀಗ ತೆಗೆಯುವುದಕ್ಕೆ ಮುಂಚೆಯೇ ಶಾಲೆಯ ಮೆಟ್ಟಲಿನ ಮೇಲೆ ಕುಳಿತನು. ಉಪಾಧ್ಯಾಯರು ಬಂದರು, ಕೋಟನ್ನು ಮೊಳೆಗೆ ಸಿಕ್ಕಿಸಿದರು, ಮೇಜಿನ ಮೇಲಿದ್ದ ಬೆತ್ತವನ್ನೆತ್ತಿ ಪಕ್ಕಕ್ಕೆ ಇಡುವುದರಲ್ಲಿದ್ದರು. ಹುಡುಗನು ಅವರ ಮುಂದೆ ಹೋಗಿ ನಿಂತು, ಎಡಗೈಯನ್ನು ಬಿಚ್ಚಿ ಚಾಚಿದನು.

ಉಪಾಧ್ಯಾಯರು ಕೈಯನ್ನು ನೋಡಿದರು, ಬೆತ್ತವನ್ನು ನೋಡಿದರು. “ಏನಯ್ಯ? ಏನು ತಪ್ಪು ಮಾಡಿದೆ?” ಎಂದರು.

ತರಗತಿಯಲ್ಲಿ ಎಲ್ಲರೂ ಗೊಳ್ಳೆಂದು ನಕ್ಕರು. ಕಂಚುಗಾರರ ಹುಡುಗನೊಬ್ಬನು ನಗಲಿಲ್ಲ. ಹುಡುಗನು ಏನೂ ಹೇಳದೆ, ಕೈಯನ್ನು ಮಡಿಚಿಕೊಂಡು ಬಂದು ತನ್ನ ಜಾಗದಲ್ಲಿ ಕುಳಿತನು. ಉಪಾಧ್ಯಾಯರು ಕೆಟ್ಟವರಲ್ಲ. ಮಧ್ಯಾಹ್ನ ಹತ್ತಿರಕ್ಕೆ ಕರೆದು, ಹೆದರಬೇಡವೆಂದು ಬೆನ್ನು ತಟ್ಟಿದರು. ಅವನು ಏಕೆ ಕೈ ಚಾಚಿದನೆಂಬುದು ಮಾತ್ರ ಅವರಿಗೆ ಕಡೆಗೂ ತಿಳಿಯಲಿಲ್ಲ.

ಸಂಜೆ ಮನೆಗೆ ಬರುವ ದಾರಿಯಲ್ಲಿ ಗುಡಿಯ ಹತ್ತಿರ ಹುಡುಗನು ನಿಂತನು. ಮನೆಯಲ್ಲಿ ಅಜ್ಜನವರು ಕಾದಿರುವರು. ಮೊದಲು ಹೋದೆಯಾ ಎಂದು ಕೇಳುವರು. ಕೈ ತೋರಿಸು ಎನ್ನುವರು. ಅವನು ಶಾಸನದ ಕಲ್ಲಿನ ಮರೆಗೆ ಹೋಗಿ, ಬಳಪವನ್ನು ಎಂಜಲಿನಿಂದ ಒದ್ದೆ ಮಾಡಿ, ಎಡ ಅಂಗೈಯ ಮೇಲೆ ತಾನೇ ‘ಶ್ರೀ’ ಎಂದು ಬರೆದುಕೊಂಡನು. ರಕಾರದ ಕೊಂಬು ಸ್ವಲ್ಪ ಕಿರುಬೆರಳಿನ ಕಡೆಗೆ ಜಾರಿತು.

ಅಜ್ಜನವರು ಜಗುಲಿಯ ಮೇಲೆಯೇ ಇದ್ದರು. ಹುಡುಗನು ಕೇಳುವುದಕ್ಕೆ ಮುಂಚೆಯೇ ಕೈ ಚಾಚಿ, “ನಾನೇ ಮೊದಲು ಹೋದದ್ದು” ಎಂದನು. ಆ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ. ಎದುರಿಗೆ ಕುಳಿತು ಬರೆಯುವವನ ಅಕ್ಷರವು ಅಂಗೈಯಲ್ಲಿ ಒಂದು ದಿಕ್ಕಿಗೆ ನಿಲ್ಲುತ್ತದೆ, ತಾನೇ ಬರೆದುಕೊಂಡವನದು ಇನ್ನೊಂದು ದಿಕ್ಕಿಗೆ. ನಲವತ್ತು ವರ್ಷ ಮಕ್ಕಳ ಅಂಗೈಗಳ ಮೇಲೆ ಬರೆದವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅವರು ಆ ಪುಟ್ಟ ಕೈಯನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡು ಬಹಳ ಹೊತ್ತು ನೋಡಿ, “ಅಕ್ಷರ ಚೆನ್ನಾಗಿದೆ. ಕೊಂಬನ್ನು ಮಾತ್ರ ಇನ್ನೂ ಸ್ವಲ್ಪ ಹಿಡಿದು ಬರೆಯಬೇಕು” ಎಂದರು.

ಎರಡು ವರ್ಷಗಳ ತರುವಾಯ ಹುಡುಗನು ದಾವಣಗೆರೆಗೆ ಹಿಂದಿರುಗಿ, ತಾನು ಹಿಂದೆ ಓಡಿಹೋದ ಶಾಲೆಯಲ್ಲಿಯೇ ನಾಲ್ಕನೆಯ ತರಗತಿಗೆ ಸೇರಿದನು. ಗಿರಣಿಯ ಕೂಗು ಅವನನ್ನು ಮತ್ತೆ ಮೋಸಗೊಳಿಸಲಿಲ್ಲ. ಅಲ್ಲಿಯ ಓದು, ಪರೀಕ್ಷೆ, ಮೇಲಿನ ವಿದ್ಯಾಭ್ಯಾಸಗಳು ಎಲ್ಲರಿಗೂ ಆಗುವಂತೆಯೇ ಆದುವು. ಅವನ್ನು ಬೆಳೆಸುವ ಅಗತ್ಯವಿಲ್ಲ. ಆ ಹುಡುಗನಿಗೆ ಈಗ ಎಂಬತ್ತೇಳು ದಾಟಿದೆ. ಮೊಮ್ಮಕ್ಕಳ ಮಕ್ಕಳು ಗಾಜಿನ ಹಲಗೆಯ ಮೇಲೆ ಬೆರಳಿನಿಂದ ಅಕ್ಷರ ತೀಡುವುದನ್ನು ಕಂಡಾಗ ಅವರು ಕನ್ನಡಕವನ್ನು ಮೇಲಕ್ಕೇರಿಸಿ ಹತ್ತಿರಕ್ಕೆ ಬಂದು ನೋಡುವರು.

ಬೇಸಗೆಯ ರಜಕ್ಕೆ ಹುಡುಗನು ಹರಿಹರಕ್ಕೆ ಮೊದಲ ಸಲ ಅತಿಥಿಯಾಗಿ ಹೋದಾಗ ಜಗುಲಿಯ ಮೇಲೆ ಮಣೆಗಳಿರಲಿಲ್ಲ. ಮರಳಿನ ಹಲಗೆಗಳು ಅಟ್ಟ ಸೇರಿದ್ದುವು. ಒಂದರ ಮೇಲೆ ಅಜ್ಜಿಯು ಸಂಡಿಗೆ ಒಣಗಿಸಿದ್ದಳು. ಮರಳೆಲ್ಲಿ ಎಂದು ಅವನು ಕೇಳಿದನು. ಅಜ್ಜಿಯು ಒಲೆಯ ಕಡೆಗೆ ಕೈ ತೋರಿಸಿದಳು. ತೊಳೆದು, ಒಣಗಿಸಿ, ಜರಡಿ ಹಿಡಿದ ಅಂತಹ ಮರಳು ಊರಿನಲ್ಲಿ ಇನ್ನೆಲ್ಲಿ ಸಿಕ್ಕೀತು? ಅವಳು ಅದನ್ನು ಬಾಣಲೆಗೆ ಹಾಕಿ, ಮೊಮ್ಮಗನು ಬಂದನೆಂದು ಕಡಲೆಕಾಯಿ ಹುರಿಯುತ್ತಿದ್ದಳು. ಬಿಸಿಬಿಸಿಯಾದುವನ್ನು ಮೊರದಲ್ಲಿ ತಂದು ಜಗುಲಿಯ ಮೇಲಿಟ್ಟಳು. ಅಜ್ಜನವರು ಒಂದನ್ನು ಬಿಡಿಸಿ ಕಾಳನ್ನು ಬಾಯಿಗೆ ಹಾಕಿಕೊಂಡು, ಕಣ್ಣು ಮುಚ್ಚಿ ಅಗಿದು, ಮರಳು ಸ್ವಲ್ಪ ಹೆಚ್ಚು ಕಾದಿದೆಯೆಂದು ಹೇಳಿದರು.